ತೊಳೆದ ಮರಿ

ಹುಟ್ಟಿದ ಕೂಡಲೇ ನಾನು ಸೋಪು ಹಚ್ಚಿ ತೊಳೆದ ಮರಿಯನ್ನು ತಾಯಿ ಕುರಿ ಒಮ್ಮೆ ಮೂಸಿ, ತಲೆಯಿಂದ ಹಾಯ್ದು ಉರುಳಿಸಿಬಿಟ್ಟಿತು. ಸೋಪೋ, ಬರೀ ಬಿಸಿನೀರೋ? ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ನನ್ನ ಆಗಿನ ದಿನಚರಿಯಲ್ಲಿ ಸೋಪು ಎಂದಿದೆ.

ಮದುವೆಯಾಗಿ ಗಡಿಯಾಚೆಯ ಮಾಡಗ್ಯಾಳಕ್ಕೆ ಬಂದು ಆಗ ಎರಡು ವರ್ಷ. ನನ್ನ ತವರು ಮೈಸೂರಿನಲ್ಲಿ ಮಗು ಹುಟ್ಟಿದರೂ ಕರು ಹುಟ್ಟಿದರೂ ಶುಚಿಯೇ ಮೊದಲು. ಇಲ್ಲಿ ಅತ್ತೆ ಬಂದವರೇ ಮರಿಯನ್ನು ಮೂಸಿದರು.

"ಇದರ ವಾಸನಿ ಎಲ್ಲಿ ಹೋತು?"

"ಮೈಯೆಲ್ಲ ಕೊಳೆಯಾಗಿತ್ತು ಅತ್ತೆ, ತೊಳೆದೆ."

"ಅದು ಹೊಲಸಲ್ಲವ್ವಾ, ಗುರುತು! ಅಷ್ಟು ದೊಡ್ಡ ಸಾಲಿ ಕಲತಾಕಿ, ಇಷ್ಟು ತಿಳೀಲಿಲ್ಲೇನು? ಈ ಮರಿ ಸತ್ರ ನೀ ಮತ್ತ ದೊಡ್ಡಿಗೆ ಬರಬ್ಯಾಡ."

ಕುರಿದೊಡ್ಡಿ ಬಿಟ್ಟರೆ ನನಗೆ ಮನೆಯ ನಾಲ್ಕು ಗೋಡೆಗಳಷ್ಟೇ. ಇಲ್ಲಿಯ ಕಾಲೇಜಿನಲ್ಲಿ ಮರಾಠಿಯಲ್ಲಿ ಪಾಠ ಮಾಡಬೇಕು, ನನಗೆ ಬಾರದು. ಮೈಸೂರಿನ ಪ್ರಯೋಗಾಲಯದಲ್ಲಿ ನನ್ನ ಮೇಜು ಇನ್ನೊಬ್ಬರದಾಗಿದೆ.

ನಾಚಿಕೆಯ ಸಂಗತಿಯೆಂದರೆ, ಆ ಮೇಜಿನ ಮುಂದೆ ಕೂತು ನಾನು ಓದಿದ್ದೇ ಗುರುತುಗಳನ್ನು. ಜೀವಕೋಶದಲ್ಲಿ ಹುಟ್ಟುತ್ತಿರುವ ಪ್ರೋಟೀನಿನ ತುದಿಯಲ್ಲೊಂದು ಗುರುತಿದ್ದರೆ ಮಾತ್ರ ಅದಕ್ಕೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದೊಳಗೆ ಪ್ರವೇಶ. ಅಲ್ಲಿ ಅದು ಸರಿಯಾಗಿ ಮಡಚಿಕೊಳ್ಳಬೇಕು. ಮಡಚಿಕೊಂಡದ್ದು ಪೊರೆಯ ಪುಟ್ಟ ಚೀಲವೇರಿ ಗಾಲ್ಜಿ ಎಂಬ ಇನ್ನೊಂದು ಪೊರೆಗಳ ಅಡುಕಿಗೆ ಹೋಗುತ್ತದೆ. ಅಲ್ಲಿ ಅದರ ಮೈಮೇಲಿನ ಸಕ್ಕರೆಯ ಸರಗಳನ್ನು ತಿದ್ದಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಇನ್ನೊಂದು ಚೀಲದಲ್ಲಿ ಕಳಿಸುತ್ತಾರೆ. ಕಳಿಸುತ್ತಾರೆ ಎಂದು ಬರೆದೆ. ಅಲ್ಲಿ ಯಾರೂ ಇಲ್ಲ. ಎದುರಿನ ಪೊರೆ ಚೀಲದ ಗುರುತು ಹಿಡಿದರಷ್ಟೇ ಎರಡೂ ಬೆಸೆದುಕೊಳ್ಳುತ್ತವೆ. ಮಡಚಿಕೊಳ್ಳದ ಪ್ರೋಟೀನು ಮಾತ್ರ ಒಳಗೇ ಉಳಿಯುತ್ತದೆ. ಅದಕ್ಕೆ ಮತ್ತೆ ಮತ್ತೆ ಅವಕಾಶವುಂಟು. ಕೊನೆಗೂ ಆಗದಿದ್ದರೆ ಹೊರಗೆಳೆದು ಚೂರು ಮಾಡಲಾಗುತ್ತದೆ.

ಎರಡು ವರ್ಷ ನನಗೆ ಸಿಕ್ಕ ಅವಕಾಶಗಳನ್ನು ನಾನು ಎಣಿಸಿರಲಿಲ್ಲ.

ಅತ್ತೆ ಕುರಿಯನ್ನು ಗೂಟಕ್ಕೆ ಗಿಡ್ಡಗೆ ಕಟ್ಟಿದರು. ಅದರ ಹಾಲನ್ನೇ ನನ್ನ ಅಂಗೈಗೆ ಹಿಂಡಿ, "ಹಚ್ಚು. ತಲಿಗೆ, ಬೆನ್ನಿಗೆ, ಬಾಲಕ್ಕ" ಎಂದರು. ಹಚ್ಚಿದೆ. ಮರಿಯನ್ನು ಕೆಚ್ಚಲಿಗೆ ಹಿಡಿದೆ. ಕುರಿ ಒದೆಯಿತು.

"ನೀವೂ ಹಿಡಿದುಕೊಳ್ಳಿ ಅತ್ತೆ."

"ನೀ ತೊಳದಿ, ನೀನ ಹಿಡಿ. ಒದಸ್ಕೊಂಡ್ರ ಏನ್ ಡಿಗ್ರಿ ಉದುರತದೇನು?"

ದಿನಕ್ಕೆ ಐದಾರು ಸಲ ಹೀಗೆ. ಎರಡನೆಯ ದಿನ ಮರಿಯ ಕಾಲು ತಣ್ಣಗಾಗಿತ್ತು. ಸೆರಗಿನಲ್ಲಿ ಸುತ್ತಿ ಕುಳಿತೆ. ಮೂರನೆಯ ಬೆಳಿಗ್ಗೆ ಕುರಿ ಅದರ ಬಾಲ ಮೂಸಿ, ಗಂಟಲಲ್ಲೇ ಗುರುಗುಟ್ಟಿ, ನೆಕ್ಕಿತು. ಅತ್ತೆ ಹಗ್ಗ ಬಿಚ್ಚಿದರು. ಆಮೇಲೆ ನನ್ನ ತೋಳನ್ನೂ ಮೂಸಿ ನಕ್ಕರು. "ಈಗ ನಮ್ಮಾಕಿ ಆದಿ ನೋಡು."

ಖುಷಿಯಾಯಿತು. ಅದೇ ಹೊತ್ತಿಗೆ, ಹಗ್ಗ ಬಿಚ್ಚಿದ್ದು ಕುರಿಯದು ಮಾತ್ರ ಎಂದೂ ಅನ್ನಿಸಿತು. ಆಗಲೇ ಅನ್ನಿಸಿತ್ತೋ, ಈಗ ಬರೆಯುವಾಗ ಸೇರಿಸುತ್ತಿದ್ದೇನೋ, ಹೇಳಲಾರೆ.

ಮುಂದಿನ ವಾರ ಮಾಹೇರಕ್ಕೆ ಹೋದೆ. ತವರಿಗೆ ಇಲ್ಲಿ ಹಾಗೂ ಅನ್ನುತ್ತಾರೆ. ಬಾಗಿಲು ತೆರೆದ ಅಮ್ಮ ತಬ್ಬಿಕೊಳ್ಳಲು ಬಂದವಳು ಮೂಗರಳಿಸಿ ಅಲ್ಲೇ ನಿಂತಳು.

"ಏನೇ ಇದು, ಕುರಿ ವಾಸನೆ! ಮೊದಲು ಸ್ನಾನ ಮಾಡಿ ಬಾ."

ಬಚ್ಚಲಿನಲ್ಲಿ ಬಕೆಟ್ಟು ತುಂಬಿ ನೀರು ಹೊರಚೆಲ್ಲುತ್ತಿತ್ತು. ಸೋಪು ಹಿಡಿದು ತುಂಬ ಹೊತ್ತು ನಿಂತೇ ಇದ್ದೆ.