ಮೇಸ್ತ್ರಿಯ ಮೂಗಿನ ಮಸಿ

ಅವರ ಮೂಗಿನ ತುದಿಯಲ್ಲಿ ಯಾವಾಗಲೂ ಕಾಳುಮೆಣಸಿನಷ್ಟು ಮಸಿ ಇರುತ್ತಿತ್ತು. ಹೊಸನಗರದಲ್ಲಿ ಸಾಗರದ ರಸ್ತೆಗೆ ಮುಖಮಾಡಿದ್ದ ಗ್ಯಾರೇಜಿನ ಮೇಸ್ತ್ರಿ ಅವರು. ಗಾಡಿಯ ಅಡಿಯಲ್ಲಿ ಏನೇ ತೊಟ್ಟಿಕ್ಕಿದರೂ ತೋರುಬೆರಳಿಗೆ ಹಚ್ಚಿಕೊಂಡು, ಹೆಬ್ಬೆರಳಿನಿಂದ ಉಜ್ಜಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದರು. ಇದು ಗೇರ್ ಆಯಿಲ್, ಇದು ಬ್ರೇಕಿನದು, ಇದು ಬರೀ ಎಸಿ ನೀರು, ಮನೆಗೆ ಹೋಗಿ ಎಂದು ತೀರ್ಪು ಕೊಡುತ್ತಿದ್ದರು. ಕೋಣಂದೂರು, ಹುಂಚದ ಕಡೆಯಿಂದಲೂ ಜನ ಗಾಡಿ ತರುತ್ತಿದ್ದುದು ಆ ಮೂಗನ್ನು ನಂಬಿ. ಮಸಿ ತುದಿಯಲ್ಲೇ ಇತ್ತೋ, ಸ್ವಲ್ಪ ಎಡಕ್ಕಿತ್ತೋ ಎಂದು ಕೇಳಿದರೆ ಈಗ ನನಗೆ ಖಾತ್ರಿಯಿಲ್ಲ. ಇದ್ದದ್ದಂತೂ ನಿಜ.

ಅವರಲ್ಲಿ ಇನ್ನೊಂದು ಪದ್ಧತಿಯಿತ್ತು. ಬಿಸಿ ಇಂಜಿನ್ನಿನ ಮುಚ್ಚಳವನ್ನು ಯಾರು ಅವಸರ ಮಾಡಿದರೂ ತೆಗೆಯುತ್ತಿರಲಿಲ್ಲ. "ಅದು ಸಿಟ್ಟಲ್ಲಿದೆ ಮೇಡಂ, ಈಗ ಮಾತಾಡ್ಸಬಾರ್ದು. ಕೂತ್ಕಳಿ" ಎಂದು ಹಳೆಯ ಟೈರು ತೋರಿಸುತ್ತಿದ್ದರು. ನಮ್ಮ ಪರಿಚಯ ಬೆಳೆದದ್ದು ಹಾಗೆ, ಇಂಜಿನ್ ತಣಿಯುವ ಹೊತ್ತಿನಲ್ಲಿ.

ನಾನು ಕೆಲಸಕ್ಕೆಂದು ದಿನವೂ ತೀರ್ಥಹಳ್ಳಿಗೆ ಹೋಗಿಬರುತ್ತಿದ್ದ ಡೀಸೆಲ್ ಕಾರು ಒಂದು ಮಳೆಗಾಲದಲ್ಲಿ ಇಂಜಿನ್ ತಣಿಸುವ ಹಸಿರು ಕೂಲಂಟ್ ನೀರನ್ನು ಕುಡಿಯತೊಡಗಿತು. ತುಂಬಿಸಿದ್ದು ಎಲ್ಲಿಗೆ ಹೋಗುತ್ತದೆಂದು ತಿಳಿಯದು. ಮೇಸ್ತ್ರಿ ರಾತ್ರಿಯಿಡೀ ಇಂಜಿನ್ನಿನ ಅಡಿಗೆ ರಟ್ಟು ಹಾಸಿಟ್ಟರು. ಬೆಳಿಗ್ಗೆ ರಟ್ಟು ಒಣಗಿಯೇ ಇತ್ತು. ಹಳೆಯ ರಬ್ಬರ್ ಹೋಸು ಬದಲಿಸಿದರು, ವಾಟರ್ ಪಂಪಿನ ಸುತ್ತ ಬೆರಳಾಡಿಸಿದರು. ಹುಂಚದವರೆಗೆ ತಾವೇ ಓಡಿಸಿಕೊಂಡು ಹೋಗಿ ಬಂದು, ಕೀಲಿ ಕೊಟ್ಟರು. ಮರುದಿನ ಮತ್ತೆ ಕೂಲಂಟ್ ಇಳಿದಿತ್ತು.

ಇಂಜಿನ್ ತಣಿಯಲೆಂದು ಕಾಯುತ್ತ ಕುಳಿತಾಗ, ಮಾತಿಗೆಂದು ನಾನು ಬೇರೆಯದೇ ತಕರಾರು ತೆಗೆದೆ. ಕೋಣಂದೂರಿನಿಂದ ತಂದ ಪಾಕದಂಥ ಜೋನಿಬೆಲ್ಲ ಕಾರಿನಲ್ಲಿ ಎಲ್ಲೋ ಚೆಲ್ಲಿರಬೇಕು, ಸಿಹಿ ವಾಸನೆ ಹೋಗುತ್ತಲೇ ಇಲ್ಲ, ಇನ್ನು ಇರುವೆ ಮುತ್ತುತ್ತವೆ ಎಂದೆ. ಸ್ಪ್ಯಾನರ್ ಒರೆಸುತ್ತಿದ್ದ ಅವರ ಕೈ ನಿಂತಿತು.

"ಯಾವ ವಾಸನೆ?"

"ನಿಮಗೆ ಬರ್ಲಿಲ್ವಾ? ನಿನ್ನೆ ಅಷ್ಟು ದೂರ ಓಡಿಸಿದ್ರಿ."

ಅವರು ಸ್ಪ್ಯಾನರ್ ಕೆಳಗಿಟ್ಟರು. ಕಾರಿನ ಎಡಬಾಗಿಲು ತೆರೆದು, ಮೊಣಕಾಲೂರಿ, ಬಿಳಿ ಬಟ್ಟೆಯೊಂದನ್ನು ಕಾಲಡಿಯ ಹಾಸಿನ ಮೇಲೆ ಒತ್ತಿದರು. ಆ ಹಾಸು ಒದ್ದೆಯಿದ್ದದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಯಾರ ಕಾರಿನ ಹಾಸು ಒಣಗಿರುತ್ತದೆ? ಕೊಡೆಯದು, ಚಪ್ಪಲಿಯದು ಎಂದುಕೊಂಡಿದ್ದೆವು. ಗಾಜು ಮಬ್ಬಾಗುತ್ತಿದ್ದುದನ್ನೂ ಮಳೆಯ ಲೆಕ್ಕಕ್ಕೇ ಹಾಕಿದ್ದೆವು. ಬಟ್ಟೆಯನ್ನು ಎತ್ತಿದಾಗ ಅದು ತೆಳು ಹಸಿರಾಗಿತ್ತು.

"ಮಳೆನೀರು ಹಸಿರಿರಲ್ಲ" ಎಂದರು, ಬಟ್ಟೆಗೆ ಹೇಳಿದಂತೆ.

ಕಾರಿನೊಳಕ್ಕೆ ಬಿಸಿಗಾಳಿ ಕೊಡಲು ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ, ಕೂಲಂಟ್ ಅದರೊಳಗೂ ಹಾಯುತ್ತದೆ. ಸೋರುತ್ತಿದ್ದುದು ಅದು, ಸಿಹಿ ವಾಸನೆಯೂ ಕೂಲಂಟಿನದೇ. ನೆಲಕ್ಕಲ್ಲ, ನಮ್ಮ ಕಾಲಬುಡಕ್ಕೆ. ಮೊದಲಾಗಿದ್ದರೆ ಮೇಸ್ತ್ರಿ ಬಾಗಿಲು ತೆರೆದೊಡನೆ ಮೂಸಿ ಹೇಳಿಬಿಡುತ್ತಿದ್ದರು.

ಅವರು ಬಂದು ಟೈರಿನ ಮೇಲೆ ಕುಳಿತರು. "ನಂಗೆ ವಾಸನೆ ಬರಲ್ಲ ಮೇಡಂ. ಕೊರೊನಾ ಬಂದಾಗ ಹೋದದ್ದು, ತಿರುಗಿ ಬರ್ಲೇ ಇಲ್ಲ."

ನಾನು ಅವರ ಮೂಗನ್ನು ನೋಡಿದೆ. ಮಸಿ ಅಲ್ಲೇ ಇತ್ತು. "ಮತ್ತೆ ಬೆರಳು ಮೂಸ್ತಾ ಇರ್ತೀರಲ್ಲ?"

"ಜನ ನೋಡ್ತಿರ್ತಾರಲ್ಲ." ಬಟ್ಟೆಯನ್ನು ಮಡಚುತ್ತ ಹೇಳಿದರು: "ಇನ್ನೊಂದಿಷ್ಟು ದಿನ ಹಿಂಗೇ ಓಡ್ಸಿದ್ರೆ ನಿಮ್ಮ ಇಂಜಿನ್ ಸುಟ್ಟೇ ಹೋಗ್ತಿತ್ತು. ನಿಮ್ದು ಗೊತ್ತಾತು. ಗೊತ್ತಾಗ್ದೆ ಕಳ್ಸಿದ್ದು ಇನ್ನೆಷ್ಟಿದ್ಯೋ. ಬಾಗ್ಲು ಹಾಕ್ಬಿಡ್ಲಾ ಅನ್ಸುತ್ತೆ."

ಆಗ ನಾನು ಏನಂದೆ? ನೆನಪು ಒಂದು ಒಳ್ಳೆಯ ಮಾತನ್ನು ತಂದು ನನ್ನ ಬಾಯಲ್ಲಿಟ್ಟಿದೆ. ಅದು ಅಷ್ಟು ಚೆನ್ನಾಗಿರುವುದರಿಂದಲೇ ನನಗೆ ನಂಬಿಕೆಯಿಲ್ಲ. ಅವರು ಎದ್ದು, ಬಿಸಿಗಾಳಿಯ ರೇಡಿಯೇಟರಿಗೆ ಹೋಗುವ ಎರಡೂ ಹೋಸುಗಳನ್ನು ಕಳಚಿ, ನಡುವೆ ಒಂದು ತುಂಡು ಪೈಪಿಟ್ಟು ಒಂದಕ್ಕೊಂದು ಸೇರಿಸಿದರು. ಬಿಸಿಗಾಳಿ ಬರುವುದಿಲ್ಲ, ತೀರ್ಥಹಳ್ಳಿಗೆ ಹೋಗಲು ಅದೆಂತಕ್ಕೆ ಎಂದರು. ಕೂಲಂಟ್ ಇಳಿಯುವುದು ಅಂದೇ ನಿಂತಿತು. ಶಿವಮೊಗ್ಗದಿಂದ ಹೊಸ ರೇಡಿಯೇಟರ್ ಬಂದ ಮೇಲೆ ಡ್ಯಾಶ್‌ಬೋರ್ಡ್ ಬಿಚ್ಚಿ ಕೂರಿಸಿಕೊಟ್ಟರು. ಆಮೇಲೆ ಕೆಲವು ದಿನ ಗ್ಯಾರೇಜಿನ ಬಾಗಿಲು ಹಾಕಿಯೇ ಇತ್ತು. ಹಾದುಹೋಗುವಾಗಲೆಲ್ಲ ನಾನು ಕಾರು ನಿಧಾನ ಮಾಡಿ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಬಾಗಿಲು ತೆರೆದಿತ್ತು. ಮೇಸ್ತ್ರಿ ತಮ್ಮ ಬೆರಳನ್ನು ಗಿರಾಕಿಯೊಬ್ಬರ ಮೂಗಿಗೆ ಹಿಡಿದು ನಿಂತಿದ್ದರು. "ಸರಿಯಾಗಿ ಮೂಸಿ ಹೇಳಿ. ಡೀಸೆಲ್ಲಾ, ಆಯಿಲ್ಲಾ?"

"ನಿಮ್ಮ ಮೂಗಿಗೆ ಎಂತ ಆತು ಮಾರಾಯ್ರೆ?"

"ಅದು ರಜೆ ಮೇಲಿದೆ. ನಿಮ್ದೇ ಸ್ವಲ್ಪ ಕೆಲಸ ಮಾಡ್ಲಿ."

ಆ ಗಿರಾಕಿಯ ಮೂಗಿನ ತುದಿ ಕಪ್ಪಾಗಿತ್ತು. ಅಂದಿನಿಂದ ಆ ಗ್ಯಾರೇಜಿನ ಪದ್ಧತಿಯೇ ಅದಾಯಿತು. ಗಿರಾಕಿ ಮೂಸಬೇಕು, ಮೇಸ್ತ್ರಿ ಕೇಳಬೇಕು. ಜನ ಬಿಟ್ಟುಹೋಗುತ್ತಾರೆಂದು ಅವರು ಹೆದರಿದ್ದರು. ಯಾರೂ ಬಿಟ್ಟಂತೆ ನನಗೆ ಕಾಣಲಿಲ್ಲ. ಅವರು ಹೇಗೆ ಮನಸ್ಸು ಮಾಡಿದರು ಎಂದು ಕೇಳಬೇಕೆನಿಸಿದರೂ ಕೇಳಲಿಲ್ಲ.

ನನ್ನನ್ನು ಮಾತ್ರ ಅವರು ಒಂದೇ ಪ್ರಶ್ನೆಯಲ್ಲಿ ಕಾಡಿದರು. ಕಾರಿನಲ್ಲಿದ್ದ ಆ ಸಿಹಿ ಯಾವ ಸಿಹಿ? ಜೋನಿಬೆಲ್ಲ ಎಂದರೆ ಕುದಿಯುವಾಗಿನದೋ, ಡಬ್ಬದಲ್ಲಿ ಕೂತದ್ದೋ? ಹಲಸಿನಹಣ್ಣು ಎಂದೆ, ಕೆಮ್ಮಿನ ಔಷಧಿ ಎಂದೆ. "ಅದಲ್ಲ. ನಂಗೆ ಒಳಗೆಲ್ಲೋ ಗೊತ್ತಿದೆ. ನೀವು ಸರಿಯಾದ್ದು ಹೇಳಿದ್ರೆ ಬಂದ್ಬಿಡುತ್ತೆ" ಎನ್ನುತ್ತಿದ್ದರು. ವಾಸನೆಯನ್ನು ಮಾತಿನಿಂದ ಕರೆತರಬಹುದೇ? ನಾವು ನೆನಪಿಟ್ಟುಕೊಳ್ಳುವುದು ವಾಸನೆಯನ್ನೋ, ಮೂಸಿದ್ದನ್ನೋ? ಸಾಲದ್ದಕ್ಕೆ ನನ್ನ ತಂಗಿ, ಆ ಮಳೆಗಾಲದಲ್ಲಿ ಜೋನಿಬೆಲ್ಲದ ಡಬ್ಬ ಕಾರು ಹತ್ತಿಯೇ ಇರಲಿಲ್ಲ, ಅದು ಬಸ್ಸಿನಲ್ಲಿ ಬಂದದ್ದು ಎನ್ನುತ್ತಾಳೆ.

ಹೋದ ಬೇಸಿಗೆಯಲ್ಲಿ ಮೇಸ್ತ್ರಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಮನೆಗೆ ಹೋದಾಗ ಗೋಡೆಯ ಫೋಟೋದಲ್ಲಿ ಮೂಗು ಸ್ವಚ್ಛವಾಗಿತ್ತು. ಅವರ ಹೆಂಡತಿ ನಾನು ನೋಡುತ್ತಿದ್ದುದನ್ನು ಕಂಡು, "ಸ್ಟುಡಿಯೋದೋರು ಮುಖ ತೊಳೆಸಿದ್ರು. ಅವ್ರ ಥರ ಕಾಣಲ್ಲ, ಅಲ್ದಾ?" ಎಂದರು.

ಮೊನ್ನೆ ಅಡುಗೆಮನೆಯಲ್ಲಿ ಖಾಲಿಯಾದ ಜೋನಿಬೆಲ್ಲದ ಡಬ್ಬಕ್ಕೆ ಬಿಸಿನೀರು ಹೊಯ್ದು ಕಲಕುತ್ತಿದ್ದೆ. ಮೂಗಿಗೆ ಬಂದದ್ದು ಬೆಲ್ಲವಲ್ಲ, ಬೆಲ್ಲದ ತಳ ತೊಳೆದ ನೀರು. ತೆಳುವಾದ ಸಿಹಿ, ಅದರ ಹಿಂದೆ ತಗಡು. ಇದೇ, ಇದನ್ನೇ ಅವರಿಗೆ ಹೇಳಬೇಕಿತ್ತು ಎಂದು ಕೈ ಒರೆಸಿಕೊಂಡು ಅಂಗಳಕ್ಕೆ ಹೋಗಿ, ಕಾರಿನ ಎಡಬಾಗಿಲು ತೆರೆದು, ಬಗ್ಗಿ ಮೂಸಿದೆ. ಸರಿಯೋ ತಪ್ಪೋ ತಾಳೆ ನೋಡಲು ಅಲ್ಲಿ ಏನೂ ಇರಲಿಲ್ಲ. ಹಾಸು ಒಣಗಿತ್ತು. ಅವರು ಅಷ್ಟು ಚೆನ್ನಾಗಿ ಸರಿಮಾಡಿದ್ದರು.