ಹುಣಸೆಬೀಜದ ದುಡ್ಡು

ಅಂಗಳಕ್ಕೆ ನೀರು ಚಿಮುಕಿಸುವ ಕೆಲಸ ಅರ್ಧಕ್ಕೆ ಬಂದಿದೆ. ಗುಡೇಕೋಟೆಯ ಬಂಡೆಗುಡ್ಡದ ನೆತ್ತಿಗೆ ಈಗಷ್ಟೇ ಬೆಳಕು ಹತ್ತುತ್ತಿದೆ. ಬಸಲಿಂಗಮ್ಮ ಮತ್ತೊಮ್ಮೆ ಕೊಡಕ್ಕೆ ತಂಬಿಗೆ ಅದ್ದುವಷ್ಟರಲ್ಲಿ ಓಣಿಯ ತುದಿಯಲ್ಲಿ ಹಾರ್ನ್ ಕೇಳಿಸುತ್ತದೆ. ಕೂಡ್ಲಿಗಿಯ ಹುಣಸೆ ವ್ಯಾಪಾರಿ ಮರುಳಪ್ಪನವರ ಟೆಂಪೊ. ದಿನಾ ಎಂಟರ ಮೇಲೆ ಬರುವುದು ಇಂದು ಆರಕ್ಕೇ ಬಂದು ನಿಂತಿದೆ.

ಚಾಲಕ ದುರುಗೇಶ್ ಹಣ್ಣಿನ ಎರಡು ಚೀಲ ಇಳಿಸುತ್ತಾನೆ. ಇಳಿಸಿದ ಮೇಲೂ ಹೋಗದೆ ಕತ್ತು ಕೆರೆದುಕೊಳ್ಳುತ್ತಾನೆ.

"ಅಕ್ಕಾ, ಸಾವ್ಕಾರ್ರು ಒಂದು ಮಾತು ಹೇಳಿ ಕಳಿಸ್ಯಾರ. ಇವತ್ತಿಂದ ಹಣ್ಣಿನ ಜತಿ ಬೀಜಾನೂ ತೂಕ ಮಾಡಿ ವಾಪಸ್ ಕೊಡಬೇಕಂತ. ಅದಕ್ಕ ಕೂಲಿ ಕಿಲೋಕ್ಕ ಎಂಟು ರೂಪಾಯಿ ಜಾಸ್ತಿ ಹಾಕ್ತಾರಂತ. ಅಕೌಂಟಿಗೆ."

"ಬೀಜ ಅವರಿಗ್ಯಾಕಂತ?"

"ಪುಡಿ ಮಾಡೋ ಫ್ಯಾಕ್ಟರಿಯೋರು ಲೋಡುಗಟ್ಟಲೆ ಕೇಳಾಕತ್ಯಾರ."

"ಹಣ್ಣು ಕುಟ್ಟೋರದು ಬೀಜ. ಇಷ್ಟು ವರ್ಷ ಗೊತ್ತಿದ್ದದ್ದು ಈಗ ಮರೆತೋತೇನು ನಿಮ್ಮ ಸಾವ್ಕಾರ್ರಿಗೆ?"

"ನನ್ನ ಮ್ಯಾಲ ಯಾಕ ಸಿಟ್ಟಾಗ್ತಿ? ನಾ ಬರೇ ಸ್ಟೇರಿಂಗ್ ಹಿಡಿಯೋನು."

"ಹಂಗಾರ ಅದನ್ನ ತಿರುಗಿಸ್ಕೊಂಡು ಹೋಗು ತಮ್ಮಾ. ಚೀಲದ ಬಾಯಿ ನಾ ಬಿಚ್ಚಂಗಿಲ್ಲ."

"ನಿನ್ನ ಬಾಯಿ ಬಿಚ್ಚೇತಲ್ಲ, ಅದ ಸಾಕು," ಎಂದು ನಗುತ್ತಲೇ ದುರುಗೇಶ್ ಟೆಂಪೊ ಹತ್ತುತ್ತಾನೆ. ಬಸಲಿಂಗಮ್ಮ ನಗುವುದಿಲ್ಲ.

ಮೂವತ್ತೇಳರ ಬಸಲಿಂಗಮ್ಮ ಈ ಓಣಿಯಲ್ಲಿ ಹುಣಸೆ ಕುಟ್ಟುವವರಲ್ಲಿ ಎಲ್ಲರಿಗಿಂತ ಚುರುಕು. ಮಾಘ ಕಳೆದು ಬಿಸಿಲು ಬಲಿತಾಗ ಶುರುವಾಗುವ ಕೆಲಸ ಯುಗಾದಿ ದಾಟಿ ನಡೆಯುತ್ತದೆ. ಎದುರಿಗೊಂದು ಚಪ್ಪಟೆ ಕಲ್ಲು, ಕೈಯಲ್ಲೊಂದು ಗೇಣುದ್ದದ ಸುತ್ತಿಗೆ. ಹಣ್ಣನ್ನು ಮಗ್ಗುಲಾಗಿಟ್ಟು ಒಂದೇ ಏಟು ಹಾಕಬೇಕು. ಬೀಜ ಒಡೆಯಬಾರದು, ತಿರುಳು ಜಜ್ಜಿ ಹೋಗಬಾರದು. ಆಮೇಲೆ ಬೀಜ ಬಿಡಿಸಿ, ನಾರು ಎಳೆಯಬೇಕು. ದಿನಕ್ಕೆ ಇಪ್ಪತ್ತು ಕಿಲೋ ಹಣ್ಣು ಕುಟ್ಟಿದರೆ ಹದಿಮೂರು ಕಿಲೋ ತಿರುಳು ಸಿಗುತ್ತದೆ. ತಿರುಳಿನ ಕಿಲೋಗೆ ಹನ್ನೆರಡು ರೂಪಾಯಿ ಕೂಲಿ. ಹುಳಿ ಉಗುರಿನ ಸಂದಿಗಿಳಿದು, ಬೆರಳ ತುದಿ ಸೀಳಿ, ರಾತ್ರಿ ಸಾರಿನಲ್ಲಿ ಕೈ ಅದ್ದಿದರೆ ಚುರುಗುಟ್ಟುತ್ತದೆ.

ಉಜ್ಜಿನಿಯಿಂದ ಸೊಸೆಯಾಗಿ ಬಂದ ಮೊದಲ ವರ್ಷ ಅವರೊಂದು ತಪ್ಪು ಮಾಡಿದ್ದರು. ಬಿಡಿಸಿದ ಬೀಜವನ್ನೆಲ್ಲ ಒಂದೂ ಬಿಡದಂತೆ ಆರಿಸಿ, ಚೀಲಕ್ಕೆ ಹಾಕಿ, ವ್ಯಾಪಾರಿಯ ಗಾಡಿಗೆ ಏರಿಸಿಬಿಟ್ಟಿದ್ದರು. ಗಾಡಿಯ ಹಿಂದೆಯೇ ಓಡಿ ಹೋಗಿ ಚೀಲ ಕೆಳಗೆ ಎಳೆದವರು ಅತ್ತೆ. "'ಲೇ ಹುಚ್ಚಿ, ಹಣ್ಣು ಸಾವ್ಕಾರ್ದು, ಕೂಲಿ ಮನೀದು, ಬೀಜ ನಿಂದು' ಅಂತ ಓಣಿ ತುಂಬ ಬೈದ್ಲು ನಮ್ಮತ್ತಿ," ಎನ್ನುತ್ತಾರೆ ಬಸಲಿಂಗಮ್ಮ. "ಆಕಿ ಸತ್ತು ಆರು ವರ್ಷಾತು. ಆ ಒಂದು ಬೈಗುಳ ಮಾತ್ರ ನನ್ನ ಕಡೆ ಐತಿ."

ದಿನಕ್ಕೆ ಆರು ಕಿಲೋ ಬೀಜ. ಬೈಕಿನಲ್ಲಿ ಬರುವ ಗಿರಾಕಿ ಕಿಲೋಗೆ ಹದಿನಾಲ್ಕರಂತೆ ಕೈಗೇ ಕೊಟ್ಟು ಹೋಗುತ್ತಾನೆ. ಆ ದುಡ್ಡಿಗೆ ಈ ಓಣಿಯಲ್ಲಿ ಯಾವ ಗಂಡಸೂ ಲೆಕ್ಕ ಕೇಳುವ ಪದ್ಧತಿಯಿಲ್ಲ. ಹೋದ ವರ್ಷ ಅದರಲ್ಲಿ ಬಸಲಿಂಗಮ್ಮ ಕೊಟ್ಟೂರಿನಿಂದ ಒಂದು ಫ್ಲಾಸ್ಕ್ ತಂದರು. ಅರ್ಧ ತಾಸಿಗೇ ಚಹಾ ಆರಿ ತಣ್ಣಗಾಗುತ್ತದೆ. "ಮೋಸ ಹೋದೆ, ಖರೆ. ಆದ್ರ ಯಾಕ ತಂದಿ ಅಂತ ಕೇಳೋರು ಯಾರೂ ಇರಲಿಲ್ಲ ನೋಡ್ರಿ. ಹಾಳಾದ್ರೂ ನಂದ ಹಾಳಾತು," ಎಂದು ಹೇಳುವಾಗ ಅವರ ಮುಖದಲ್ಲಿ ನಷ್ಟದ ಸುಳಿವೇ ಇಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ತವರಿಗೆ ಹೋಗಲು ದುಡ್ಡು ಬೇಡ. ಹೋದ ಮೇಲೆ ಅವ್ವನ ಕೈಗೆ ಇನ್ನೂರು ರೂಪಾಯಿ ಇಡಲು ಬೇಕು. "ಇಟ್ಟೆ. ಯಾರಿಗೂ ಹೇಳಲಿಲ್ಲ. ಕದ್ದಿಲ್ಲ, ಆದ್ರ ಹೇಳಲಿಲ್ಲ."

ಗಂಡ ಹುಲುಗಪ್ಪ ಗಾರೆ ಕೆಲಸದವರು. ಕುಡಿಯುವುದಿಲ್ಲ, ಕೈ ಎತ್ತುವವರಲ್ಲ. ಬಸಲಿಂಗಮ್ಮನ ಹೆಸರಿನಲ್ಲಿ ಬ್ಯಾಂಕ್ ಖಾತೆಯಿದೆ; ತೆರೆಯುವಾಗ ಬರೆಸಿದ್ದು ಗಂಡನ ಫೋನ್ ನಂಬರು. ಮನೆಗೆ ಇರುವುದೂ ಅದೊಂದೇ ಫೋನು. ಕೂಲಿ ಬಂದರೂ, ಸರ್ಕಾರದ ಹಣ ಬಂದರೂ ಟಿಣ್ ಎನ್ನುವುದು ಹುಲುಗಪ್ಪನ ಜೇಬಿನಲ್ಲಿ. ಕಾರ್ಡೂ ಅಲ್ಲೇ. "ಕೇಳಿದ್ರ ಕೊಡ್ತಾನ್ರಿ, ಸುಳ್ಳು ಯಾಕ ಹೇಳ್ಲಿ? ಆದ್ರ ಕೇಳಬೇಕಲ್ಲ. ಉಂಡಾನೋ ಇಲ್ಲೋ, ಮೇಸ್ತ್ರಿ ಏನರ ಅಂದಾನೋ, ಎಲ್ಲಾ ನೋಡಿ ಕೇಳಬೇಕು. ಮೂರು ಸಲ ಮನಸಿನಾಗ ಕೇಳಿ, ನಾಕನೇ ಸಲ ಬಾಯಿಲೆ ಕೇಳ್ತೀನಿ." ಬಸಲಿಂಗಮ್ಮನ ಆಸೆ ಇಷ್ಟೆ: ತನ್ನದೇ ಒಂದು ಸಣ್ಣ ಫೋನು, ಖಾತೆಗೆ ಅದರ ನಂಬರು. ಈ ಸಲದ ಬೀಜದ ದುಡ್ಡು ಅದಕ್ಕೆಂದೇ ಇತ್ತು.

ಹತ್ತು ಗಂಟೆಯಾದರೂ ಚೀಲಗಳು ಬಿಗಿದ ಬಾಯಿಯಲ್ಲೇ ಇವೆ. ಬಸಲಿಂಗಮ್ಮ ಕಲ್ಲಿನ ಮುಂದೆ ಕೂರುತ್ತಾರೆ, ಏಳುತ್ತಾರೆ. ಗುಡಿಸಿದ ಕಟ್ಟೆಯನ್ನೇ ಮತ್ತೆ ಗುಡಿಸುತ್ತಾರೆ. ಒಲೆಯ ಮೇಲಿನ ಬೇಳೆ ತಳ ಹಿಡಿಯುತ್ತದೆ. ಕೆಲಸವಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿಗೆ ಒರೆಸುತ್ತಲೇ ಇರುತ್ತಾರೆ. ಎದುರು ಮನೆಯ ಶಿವಲೀಲಾ ಸುತ್ತಿಗೆ ಹಿಡಿದೇ ಬಂದು ಇಣುಕುತ್ತಾಳೆ.

"ಏನ್ಮಾಡೋಣಕ್ಕ? ನೀ ಕುಟ್ಟಿದ್ರ ನಾವೂ ಕುಟ್ತೀವಿ. ನೀ ಕುಂತ್ರ ನಾವೂ ಕುಂತೀವಿ."

"ನಾ ಕುಂತಿಲ್ಲಲ್ಲೇ, ನಿಂತೀನಿ."

"ಬೆಳಿಗ್ಗಿಂದ ನೋಡಾಕತ್ತೀನಿ, ನಿಂತೂ ಇಲ್ಲ ನೀನು!"

ಮಧ್ಯಾಹ್ನ ಪರೀಕ್ಷೆ ಮುಗಿಸಿ ಮಗಳು ರಮಾ ಬರುತ್ತಾಳೆ. ಐದನೇ ತರಗತಿ. ಬಿಚ್ಚದ ಚೀಲಗಳನ್ನು ನೋಡುತ್ತಾಳೆ, ಅವ್ವನನ್ನು ನೋಡುತ್ತಾಳೆ. ಅವ್ವನ ತುಟಿ ಸದ್ದಿಲ್ಲದೆ ಅಲುಗುತ್ತಿದೆ. ಹೀಗೆ ಅಲುಗಿದ ದಿನ ಅವ್ವ ಅಪ್ಪನ ಹತ್ತಿರ ಏನೋ ಕೇಳುತ್ತಾಳೆ ಎಂಬುದು ಮಗಳಿಗೆ ಎಂದಿನಿಂದಲೋ ಗೊತ್ತು.

"ಅವ್ವಾ, ಅಲ್ಲಾ..."

"ಏನವ್ವ?"

"ಏನಿಲ್ಲ," ಎಂದು ಅವಳು ತಟ್ಟೆಗೆ ಕೈ ಹಾಕುತ್ತಾಳೆ.

ಸಂಜೆ ಹುಲುಗಪ್ಪ ಸಿಮೆಂಟು ಮೆತ್ತಿದ ಕಾಲು ತೊಳೆದು ಬರುತ್ತಾರೆ. ಕಟ್ಟೆಯ ಮೇಲೆ ಕೂತು, ಕೈಗೆ ಚಹಾ ಬಂದ ಮೇಲೆ ನೆನಪಾದವರಂತೆ ಹೇಳುತ್ತಾರೆ: "ಮರುಳಪ್ಪ ಸಾವ್ಕಾರ್ರು ಫೋನ್ ಮಾಡಿದ್ರು. ಬೀಜದ್ದು ಹೇಳಿದ್ರು. ಹೂಂ ಅಂದೀನಿ."

ಬಸಲಿಂಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಾರೆ. "ನನ್ನ ಬೀಜಕ್ಕ ನೀ ಹೂಂ ಅಂದಿ?"

"ಲೆಕ್ಕ ಹಾಕಿ ನೋಡ. ಬೀಜದ ದುಡ್ಡು ಕಳದ್ರೂ ದಿನಕ್ಕ ಇಪ್ಪತ್ತು ರೂಪಾಯಿ ಹೆಚ್ಚ ಬರ್ತೈತಿ. ಲುಕ್ಸಾನ ಏನೈತಿ ಇದ್ರಾಗ?"

"ನನಗ ಬರಂಗಿಲ್ಲ ಅದು. ಅಕೌಂಟಿಗೆ ಬರ್ತೈತಿ."

"ಅಕೌಂಟು ನಿನ್ನ ಹೆಸರಿಲೇ ಐತಲ್ಲ!"

"ಹೆಸರು ನಂದು. ಟಿಣ್ ಅನ್ನೋದು ನಿನ್ನ ಜೇಬಿನಾಗ."

ಹುಲುಗಪ್ಪನಿಗೆ ನಿಜವಾಗಿಯೂ ಅರ್ಥವಾಗುವುದಿಲ್ಲ. ಅವರ ದನಿಯಲ್ಲಿ ಸಿಟ್ಟಿಲ್ಲ, ನೋವಿದೆ. "ಹದಿನಾರು ವರ್ಷದಾಗ ಒಂದಿನ ಇಲ್ಲ ಅಂದೀನೇನು? ನಿನಗ ಬೇಕಾದಾಗ ಕೇಳು. ಕೇಳಿದ್ರ ಕೊಡ್ತೀನಿ. ಮನ್ಯಾಗ ಕೇಳಾಕ ಏನ್ ನಾಚಿಕಿ?"

ಬಸಲಿಂಗಮ್ಮ ಮತ್ತೆ ಕೈಯನ್ನು ಸೆರಗಿಗೆ ಒರೆಸುತ್ತಾರೆ. ಒಳಗೆ ನಾಳಿನ ಪರೀಕ್ಷೆಗೆ ಓದುತ್ತಿದ್ದ ರಮಾ ಪುಸ್ತಕ ಮುಚ್ಚಿ ಎದ್ದು ಬರುತ್ತಾಳೆ. ಇಬ್ಬರ ನಡುವೆ ನಿಂತು, ಜಗಳಕ್ಕಲ್ಲ, ತಿಳಿಯದ ಪಾಠ ಕೇಳುವವಳಂತೆ ಅಪ್ಪನ ಮುಖ ನೋಡುತ್ತಾಳೆ.

"ಅಪ್ಪಾ, ನಿನಗ ಬೇಕಾದಾಗ ನೀ ಯಾರನ್ನ ಕೇಳ್ತಿ?"