ಅಕ್ಕನ ಮೊಣಕಾಲಿನ ಅಳತೆ

ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ನಾನು, ಸ್ವಂತ ಅಕ್ಕನ ಮಂಚಕ್ಕೆ ಅಳತೆ ತೆಗೆದುಕೊಳ್ಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಗೆ ಹೇಳಿದರಾಯಿತು ಎಂದು ಇಟ್ಟುಕೊಂಡ ಮಾತುಗಳನ್ನು ನಾನು ನುಂಗಿಬಿಡುವುದೇ ಹೆಚ್ಚು.

ದಾಂಡೇಲಿಯ ಅಂಬೇವಾಡಿಯಲ್ಲಿ ನನ್ನದೊಂದು ಸಣ್ಣ ಶೆಡ್ಡಿದೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ನನ್ನ ವಿದ್ಯೆಯೆಲ್ಲ ಟೇಪಿನೊಳಗೆ ಸುತ್ತಿಕೊಂಡಿದೆ. ಯಾರಾದರೂ ಕುರ್ಚಿ ಬೇಕೆಂದು ಬಂದರೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಮ್ಮಡಿಯಿಂದ ಮೊಣಕಾಲಿನ ಮಡಿಕೆಯವರೆಗೆ ಟೇಪು ಹಿಡಿಯದೆ ಕಟ್ಟಿಗೆಗೆ ಕೈ ಹಚ್ಚುವುದಿಲ್ಲ. ಗುರುತಿಲ್ಲದವರ ಕಾಲಿಗೂ ಇಷ್ಟು ಮರ್ಯಾದೆ ಕೊಟ್ಟವನು ಮನೆಯವರ ವಿಷಯದಲ್ಲಿ ಮಾತ್ರ ಎಲ್ಲ ಗೊತ್ತೆಂದುಕೊಂಡೆ.

ಅಕ್ಕ ಹಳಿಯಾಳದ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಕಬ್ಬಿನ ಹೊಲದಲ್ಲಿ ಬಗ್ಗಿ ಬಗ್ಗಿ ಕಳೆ ತೆಗೆದ ಸೊಂಟ ಅವಳದು. ನೆಲದ ಮೇಲೆ ಮಲಗಿ ಏಳುವುದು ಇನ್ನು ಸಾಕು, ಮಂಚ ಮಾಡಿಸಿ ಎಂದು ಡಾಕ್ಟರು ಹೇಳಿದಾಗ, ಮಂಚವನ್ನು ನಾನೇ ಮಾಡುತ್ತೇನೆಂದು ಅವಳನ್ನು ಹಳಿಯಾಳದ ಗಾದಿ ಅಂಗಡಿಗೆ ಕರೆದೊಯ್ದೆ. ಅಂಗಡಿಯವನು ಹತ್ತಿಯ ಗಾದಿ ತೋರಿಸಿದರೆ, ಅದು ನನ್ನ ಗೌರವಕ್ಕೆ ಕಡಿಮೆಯೆನಿಸಿತು. ಸ್ಪ್ರಿಂಗ್ ಗಾದಿಯೇ ಬೇಕೆಂದೆ.

"ಅಕ್ಕಾರ, ಮಲಗಿ ನೋಡ್ರಿ. ಗಾದಿ ಬೆನ್ನಿಗೆ ಗೊತ್ತಾಗಬೇಕು, ಕಣ್ಣಿಗಲ್ಲ" ಎಂದ ಅಂಗಡಿಯವನು.

ಅಕ್ಕ ಸೆರಗು ಎಳೆದುಕೊಂಡಳು. "ಏ, ನಾಲ್ಕು ಮಂದ್ಯಾಗ ಹೆಂಗ ಮಲಗೂದ್ರಿ? ನಮ್ಮ ತಮ್ಮ ಮಲಗಿ ನೋಡತಾನ."

ಅವಳ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಜಡ್ಡಾಗಿ ಮಲಗಿದ್ದರೂ ಬಂದವರೆದುರು ಎದ್ದು ಕೂರುತ್ತಾರೆ. ತಪ್ಪು ನನ್ನದು. ಮೂರು ಗಾದಿಗಳ ಮೇಲೆ ಹೊರಳಾಡಿ, ನನ್ನ ದಪ್ಪ ಮೈಗೆ ಹಿತವೆನಿಸಿದ ಗಟ್ಟಿಯದನ್ನು ಆರಿಸಿದೆ. ಅಕ್ಕ ಒಣಗಿದ ಕಬ್ಬಿನ ಸೋಗೆಯಂಥ ಹಗುರ ಹೆಂಗಸು. ಆ ಸ್ಪ್ರಿಂಗು ಅವಳ ಭಾರಕ್ಕೆ ಬಗ್ಗುವುದೇ ಇಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಮಂಚವನ್ನಂತೂ ಸಾಗವಾನಿಯಲ್ಲಿ ಮಾಡಿದೆ, ಗಾದಿಯ ಅಡಿಗೆ ಒತ್ತೊತ್ತಾಗಿ ಮರದ ಪಟ್ಟಿ ಬಡಿದೆ. ಆದರೆ ಎತ್ತರ ಇಟ್ಟದ್ದು ಕೈಗೆ ರೂಢಿಯಾದ ಹದಿನೆಂಟು ಇಂಚು. ಅದು ತೆಳ್ಳನೆಯ ಹತ್ತಿ ಗಾದಿಗೆ ಸರಿಯಾದ ಲೆಕ್ಕ. ಇದರ ಮೇಲೆ ಎಂಟಿಂಚಿನ ಸ್ಪ್ರಿಂಗ್ ಗಾದಿ ಬಂದು ಕೂತಿತು.

ಫೋನಿನಲ್ಲಿ ಕೇಳಿದಾಗಲೆಲ್ಲ, "ರಾಣಿ ಆಗೇನಿ ನೋಡಪಾ, ಇನ್ನ ಗಾಳಿ ಹಾಕಾವರನ್ನ ಕಳಸು" ಎನ್ನುತ್ತಿದ್ದಳು. ನಾನು ಉಬ್ಬಿ, ಶೆಡ್ಡಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೇಳದೆ ಹೋದೆ. ಗಾದಿಯ ಪ್ಲಾಸ್ಟಿಕ್ಕು ಬಿಚ್ಚಿರಲಿಲ್ಲ. ಅಂಗಡಿಯವನು ಅಂಟಿಸಿದ್ದ ಚೀಟಿ ಮೂಲೆಯಲ್ಲಿ ಹಾಗೆಯೇ ಇತ್ತು. ಅಕ್ಕ ಮಂಚದ ಪಕ್ಕ ನೆಲದಲ್ಲಿ, ಹಳೆಯ ಕೌದಿಯ ಮೇಲೆ ಮಲಗಿದ್ದಳು. ನನ್ನನ್ನು ಕಂಡವಳೇ ಒಂದು ಕೈಯಿಂದ ಮಂಚದ ಕಾಲು ಹಿಡಿದು, ಹಲ್ಲು ಕಚ್ಚಿ ಎದ್ದಳು. ನಾನು ಮಾಡಿದ ಮಂಚ ಅವಳಿಗೆ ಉಪಯೋಗಕ್ಕೆ ಬಂದದ್ದು ಅಷ್ಟೇ.

"ಮೊದಲನೇ ದಿನ ಏರಿದ್ನೋ. ಬೆನ್ನಿಗೆ ಹಲಗಿ ಆತು. ಇಳಿಯಾಕ ಹೋದರ ಕಾಲು ನೆಲಕ್ಕ ಹತ್ತಲಿಲ್ಲ, ಜಾರಿ ಬಿದ್ದೆ" ಎಂದಳು, ನೆರೆಮನೆಯವರ ಸುದ್ದಿ ಹೇಳುವಂತೆ.

"ಹೇಳಬಾರದಿತ್ತೇನ?"

"ಹೇಳಿದರ ನೀ ಮಾರಿ ಸಣ್ಣ ಮಾಡ್ಕೋತಿದ್ದಿ."

ನಾನು ಕೌದಿ ಮಡಚತೊಡಗಿದೆ. ಅದು ಒಂದು ಕಾಲಕ್ಕೆ ನನ್ನ ಹಾಸಿಗೆಯಾಗಿದ್ದ ಕೌದಿ. ಅದರ ಕಾಲಿನ ಕಡೆ ಬೇರೆ ಬೇರೆ ಬಣ್ಣದ ಆರು ಪಟ್ಟಿಗಳಿವೆ. ನಾನು ಚಿಕ್ಕವನಿದ್ದಾಗ ವರ್ಷಕ್ಕೊಮ್ಮೆ ಅಕ್ಕ ನನ್ನನ್ನು ಅಂಗಾತ ಮಲಗಿಸಿ, ನೆತ್ತಿಯಿಂದ ಪಾದದವರೆಗೆ ಗೇಣು ಹಾಕಿ, ಬೆಳೆದಷ್ಟು ಹಳೆ ಸೀರೆಯ ಪಟ್ಟಿ ಜೋಡಿಸುತ್ತಿದ್ದಳು. ಗೇಣಿನ ಕಚಗುಳಿಗೆ ನಾನು ಒದ್ದಾಡಿದರೆ ಮತ್ತೆ ಮೊದಲಿಂದ ಅಳೆಯುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದವಳಿಗೆ ಗೊತ್ತಿದ್ದುದು ನನಗೆ ಮರೆತುಹೋಗಿತ್ತು: ಹಾಸಿಗೆಯನ್ನು ಮಲಗುವವರ ಮೈ ನೋಡಿ ಮಾಡಬೇಕು. ಪ್ರೀತಿಯಿದ್ದರೆ ಸಾಲದು, ಕೇಳಿ ತಿಳಿಯುವ ತಾಳ್ಮೆಯೂ ಬೇಕು. ನಾನು ಕೊಟ್ಟದ್ದು ಅಕ್ಕನಿಗೆ ಬೇಕಾದ್ದಲ್ಲ, ನಾನು ಕೊಟ್ಟೆ ಎನ್ನಲು ನನಗೆ ಬೇಕಾದ್ದು.

ಪ್ಲಾಸ್ಟಿಕ್ಕು ಬಿಚ್ಚದ ಕಾರಣ ಅಂಗಡಿಯವನು ಗಾದಿ ಬದಲಿಸಿಕೊಡಲು ಒಪ್ಪಿದ. ಈ ಸಲ ಅಕ್ಕನನ್ನು ಕರೆದೊಯ್ದಾಗ ಅವನ ಹೆಂಡತಿ ಬಂದು, "ನೀವಿಬ್ರೂ ಹೊರಗ ನಡೀರಿ" ಎಂದು ಅರ್ಧ ಶಟರ್ ಇಳಿಸಿದಳು. ನಾವು ಗಂಡಸರು ರಸ್ತೆಯಲ್ಲಿ ನಿಂತೆವು. ಒಳಗೆ ಒಂದೊಂದೇ ಗಾದಿಯ ಸ್ಪ್ರಿಂಗು ಕಿರುಗುಟ್ಟಿತು. ಆಮೇಲೆ ಅಕ್ಕನ ನಗೆ ಕೇಳಿತು. ಅವಳು ಆರಿಸಿದ್ದು ನಾನು ಮೆತ್ತಗೆಂದು ಬಿಟ್ಟಿದ್ದ ಗಾದಿಯನ್ನು.

ಮನೆಗೆ ಬಂದು ಮಂಚವನ್ನು ಅಂಗಳದಲ್ಲಿ ಬೋರಲು ಹಾಕಿದೆ. ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳ ಮುಂದೆ ಮೊಣಕಾಲೂರಿ ಟೇಪು ಬಿಚ್ಚಿದೆ. ಅವಳು ಪಾದ ಹಿಂದಕ್ಕೆಳೆದುಕೊಂಡು, "ಏ, ಕಾಲು ಮುಟ್ಟಬ್ಯಾಡ, ಕಚಗುಳಿ ಆಗತೈತಿ" ಎಂದಳು. ಒದ್ದಾಡಿದ್ದರಿಂದ ಮತ್ತೆ ಮೊದಲಿಂದ ಅಳೆದೆ. ಹದಿನಾರು ಇಂಚು. ಹೊಸ ಗಾದಿಯೂ ಎಂಟಿಂಚೇ, ಆದರೆ ಕೂತರೆ ಒಂದಿಂಚು ತಗ್ಗುತ್ತದೆ; ಮಂಚದ ಕಾಲು ಒಂಬತ್ತು ಇಂಚು ಕತ್ತರಿಸಬೇಕು. ಗುರುತು ಹಾಕಿ ಕರಗಸ ಎತ್ತಿಕೊಂಡವನು ಕೆಳಗಿಟ್ಟೆ. ಈ ಮಾತನ್ನಾದರೂ ನುಂಗದೆ ಹೇಳಿಬಿಡಬೇಕಿತ್ತು.

"ಊರ ಮಂದಿ ಕಾಲೆಲ್ಲ ಅಳದೆ, ನಿನ್ನ ಕಾಲು ಅಳೀಲಿಲ್ಲ. ನಿನಗ ಹೆಂಗಾದರ ಹಿತ ಅಂತ ಒಂದು ಮಾತು ಕೇಳಲಿಲ್ಲ. ತಪ್ಪು ನಂದು, ಅಕ್ಕಾ. ಹೊಟ್ಟ್ಯಾಗ ಹಾಕ್ಕೋ."